ತಾಲ್ಲೂಕು ಊರಿನ ಜಮೀನು ವಕೀಲರು ಕಾಗದ ಓದುತ್ತಿದ್ದ ಬಗೆ

1950ರಿಂದ 1990ರ ದಶಕದವರೆಗಿನ ಹಳೇ ಮೈಸೂರು ಭಾಗದ ತಾಲ್ಲೂಕು ಊರುಗಳಲ್ಲಿ ಜಮೀನು ವ್ಯವಹಾರ ನೋಡುವ ವಕೀಲರ ದಿನವೆಲ್ಲ ಮೂರು ಕಟ್ಟಡಗಳ ನಡುವೆ ಕಳೆಯುತ್ತಿತ್ತು: ಮುನ್ಸೀಫ್ ಕೋರ್ಟು, ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ. ಜನ ನೋಡುತ್ತಿದ್ದದ್ದು ಕೋರ್ಟಿನೊಳಗಿನ ವಾದವನ್ನು. ಅವರ ನಿಜವಾದ ಕಸುಬು ನಡೆಯುತ್ತಿದ್ದದ್ದು ಮನೆಯ ಮುಂಗೋಣೆಯಲ್ಲಿ, ಕಕ್ಷಿದಾರ ಬಿಚ್ಚಿಟ್ಟ ಬಟ್ಟೆಗಂಟಿನ ಕಾಗದಗಳ ಮುಂದೆ. ಜಮೀನು ಕೊಳ್ಳಲು ಹೊರಟವನಿಗೆ ‘ತಗೋಬಹುದು’ ಅಥವಾ ‘ಬೇಡ’ ಎಂದು ಹೇಳುವ ಮೊದಲು ಆ ವಕೀಲರು ಏನೇನು ನೋಡುತ್ತಿದ್ದರು, ಯಾಕೆ ನೋಡುತ್ತಿದ್ದರು, ಎಲ್ಲಿ ಎಡವುತ್ತಿದ್ದರು ಎಂಬುದು ಇಲ್ಲಿದೆ.

ಒಂದು ವಿಷಯ ಮೊದಲೇ ತಿಳಿದಿರಬೇಕು. ನಮ್ಮ ಕಾನೂನಿನಲ್ಲಿ ನೋಂದಣಿಯಾಗುವುದು ಪತ್ರ, ಮಾಲೀಕತ್ವವಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಮುಖ್ಯವಾಗಿ ಕೇಳುವುದು ಇಷ್ಟೇ: ಬರೆದುಕೊಟ್ಟವನು ಇವನೇನಾ, ಸಹಿ ಒಪ್ಪುತ್ತಾನಾ, ಸ್ಟಾಂಪು ಸರಿ ಇದೆಯಾ. ಜಮೀನು ಅವನದ್ದೇ ಹೌದೋ ಅಲ್ಲವೋ ಎಂಬ ತನಿಖೆ ಅಲ್ಲಿ ನಡೆಯುವುದಿಲ್ಲ. ತಾಲ್ಲೂಕು ಕಚೇರಿಯ ಪಹಣಿ ಹುಟ್ಟಿದ್ದು ಕಂದಾಯ ವಸೂಲಿಗೆ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪಹಣಿಯ ನಮೂದನ್ನು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದು ಭಾವಿಸಲು ಹೇಳುತ್ತದೆಯೇ ಹೊರತು, ಹೆಸರು ಇದ್ದಮಾತ್ರಕ್ಕೆ ಹಕ್ಕು ಬಂತು ಎನ್ನುವುದಿಲ್ಲ. ಸರ್ವೆ ಇಲಾಖೆಗೆ ಗೊತ್ತಿರುವುದು ಅಳತೆ ಮತ್ತು ಹದ್ದು. ಮೂರು ಇಲಾಖೆ, ಮೂರು ದಾಖಲೆ. ಇವನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡುವುದು ಸರ್ಕಾರದಲ್ಲಿ ಯಾರ ಕೆಲಸವೂ ಆಗಿರಲಿಲ್ಲ. ಆ ಕೆಲಸಕ್ಕೇ ವಕೀಲರು ಫೀಸು ಪಡೆಯುತ್ತಿದ್ದರು.

ಅಸಲು ಪತ್ರ, ಅದರ ಬೆನ್ನು

ಮೊದಲ ಪ್ರಶ್ನೆ ‘ಮೂಲಪತ್ರ ಎಲ್ಲಿ?’ ಎಂಬುದು. ದೃಢೀಕೃತ ನಕಲು ತಂದು ‘ಅಸಲು ಎಲ್ಲೋ ಕಳೆದಿದೆ’ ಎಂದವನ ಮೇಲೆ ಅನುಮಾನ ಬರುವುದಕ್ಕೆ ಕಾರಣವಿತ್ತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಂನಡಿ ಸರ್ಕಾರ ಅಧಿಸೂಚಿಸಿದ ಪಟ್ಟಣಗಳಲ್ಲಿ ಹಕ್ಕುಪತ್ರವನ್ನು ಸಾಲ ಕೊಟ್ಟವನ ಕೈಗೆ ಒಪ್ಪಿಸಿದರೆ ಸಾಕು, ಅಡಮಾನವಾಗುತ್ತದೆ. ಪ್ರತ್ಯೇಕ ಪತ್ರ ಬರೆಯದಿದ್ದರೆ ನೋಂದಣಿಯೂ ಬೇಕಿರಲಿಲ್ಲ. ಕಳೆದುಹೋಯಿತು ಎಂದು ಹೇಳುವ ಅಸಲು ಬ್ಯಾಂಕಿನ ತಿಜೋರಿಯಲ್ಲಿ ಭದ್ರವಾಗಿರುವ ಸಾಧ್ಯತೆ ಯಾವಾಗಲೂ ಇತ್ತು.

ಅಸಲು ಸಿಕ್ಕರೆ ಮುಂಭಾಗಕ್ಕಿಂತ ಮೊದಲು ಹಿಂಭಾಗ ತಿರುವುತ್ತಿದ್ದರು. ಸ್ಟಾಂಪ್ ವೆಂಡರನ ಮೊಹರು, ಕ್ರಮಸಂಖ್ಯೆ, ಕಾಗದ ಕೊಂಡವನ ಹೆಸರು, ಕೊಂಡ ತಾರೀಖು ಅಲ್ಲಿರುತ್ತವೆ. ಪತ್ರದ ತಾರೀಖು ಜನವರಿಯದಾಗಿ ಸ್ಟಾಂಪು ಮಾರಾಟವಾದದ್ದು ಮಾರ್ಚಿನಲ್ಲಿ ಎಂದಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ. ನಂತರ ನೋಂದಣಿಯ ಹಿಂಬರಹ: ಯಾರು ಹಾಜರುಪಡಿಸಿದರು, ಹಣ ರಿಜಿಸ್ಟ್ರಾರರ ಎದುರು ಸಂದಾಯವಾಯಿತೇ ಅಥವಾ ‘ಮುಂಚೆಯೇ ಸಂದಿದೆ’ ಎಂದು ಒಪ್ಪಿದ್ದೇ, ಗುರುತಿಸಿದ ಸಾಕ್ಷಿಗಳು ಯಾರು, ಸ್ಥಿರಾಸ್ತಿಯ ಪತ್ರಗಳನ್ನು ನಕಲು ಮಾಡಿಡುವ 1ನೇ ಪುಸ್ತಕದ ಯಾವ ಸಂಪುಟದ ಯಾವ ಪುಟಗಳಲ್ಲಿ ನಕಲಾಗಿದೆ. ಕೊನೆಯಲ್ಲಿ ‘ಬಿಕ್ಕಲಂ’ ಎಂದು ಬರೆದು ಸಹಿ ಹಾಕಿದ ಪತ್ರ ಬರಹಗಾರನ ಹೆಸರು. ಊರಿನ ಪತ್ರ ಬರಹಗಾರರ ಕೈಬರಹ ವಕೀಲರಿಗೂ ಅವರ ಗುಮಾಸ್ತರಿಗೂ ಕಣ್ಣುಮುಚ್ಚಿದರೂ ಗೊತ್ತಾಗುತ್ತಿತ್ತು. ಅಕ್ಷರ ಬೇರೆ ಕಂಡರೆ ಆ ಬರಹಗಾರನನ್ನೇ ಕರೆಸಿ ಕೇಳುವುದು ಸುಲಭದ ದಾರಿ.

ಇ.ಸಿ. ಹೇಳುವುದು, ಹೇಳದಿರುವುದು

ಋಣಭಾರ ಪ್ರಮಾಣಪತ್ರವನ್ನು ಎಲ್ಲರೂ ಕರೆಯುವುದು ಇ.ಸಿ. ಎಂದೇ. ವಹಿವಾಟು ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಕೈಬರಹದ ಕಾಲದಲ್ಲಿ ಇದು ತಯಾರಾಗುತ್ತಿದ್ದ ರೀತಿ ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ. ನೋಂದಣಿ ಕಚೇರಿಯಲ್ಲಿ 1ನೇ ಪುಸ್ತಕಕ್ಕೆ ಎರಡು ಸೂಚಿಗಳಿರುತ್ತಿದ್ದವು. ಮೊದಲನೆಯದು ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರಿನ ಮೇಲೆ, ಎರಡನೆಯದು ಸ್ವತ್ತಿನ ಮೇಲೆ. ಅರ್ಜಿಯಲ್ಲಿ ಕೊಟ್ಟ ಗ್ರಾಮ, ಸರ್ವೆ ನಂಬರು, ಅವಧಿ ಹಿಡಿದು ಗುಮಾಸ್ತ ಸೂಚಿಯ ಪುಟ ತಿರುವುತ್ತಿದ್ದ. ಕೇಳಿದ್ದನ್ನಷ್ಟೇ ಹುಡುಕುತ್ತಿದ್ದ.

ಸರ್ವೆ ನಂಬರ್ 45 ಪೋಡಿಯಾಗಿ, ಅಂದರೆ ಅಳೆದು ಭಾಗವಾಗಿ, 45/1, 45/2 ಎಂಬ ಹಿಸ್ಸಾಗಳಾಗಿದ್ದರೆ, 45/2ಕ್ಕೆ ಮಾತ್ರ ಅರ್ಜಿ ಹಾಕಿದವನಿಗೆ ಪೋಡಿಗೆ ಮುಂಚಿನ ಅಡಮಾನ ಕಾಣದೆ ಹೋಗಬಹುದು. ಆದ್ದರಿಂದ ಅನುಭವಿಗಳು ಮೂಲ ನಂಬರು, ಎಲ್ಲ ಹಿಸ್ಸಾಗಳು, ಹಳೇ ಸರ್ವೆ ನಂಬರು ಮೂರನ್ನೂ ಬರೆಯುತ್ತಿದ್ದರು. ಊರೊಳಗಿನ ಮನೆಯಾದರೆ ಹಳೇ ಖಾತೆ ನಂಬರು, ಹೊಸ ಅಸೆಸ್‌ಮೆಂಟ್ ನಂಬರು, ಡೋರ್ ನಂಬರು. ಹಳೆಯ ಪತ್ರಗಳಲ್ಲಿ ನಂಬರೇ ಇಲ್ಲದೆ ಬರೀ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿಯ ವಿವರ) ಇರುವುದೂ ಉಂಟು. ಅಂಥವಕ್ಕೆ ಹೆಸರಿನ ಸೂಚಿಯಲ್ಲಿ ಮಾರುವವನ ಹೆಸರು, ಅವನ ತಂದೆಯ ಹೆಸರು, ತಾತನ ಹೆಸರು ಹಿಡಿದು ಖುದ್ದಾಗಿ ಹುಡುಕಬೇಕು. ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಶುಲ್ಕ ಕಟ್ಟಿದ ಯಾರಿಗಾದರೂ ಈ ಪರಿಶೀಲನೆಯ ಹಕ್ಕಿದೆ. ಗ್ರಾಮವನ್ನು ಒಂದು ಕಚೇರಿಯಿಂದ ಮತ್ತೊಂದಕ್ಕೆ ಸೇರಿಸಿದ್ದರೆ ಎರಡೂ ಕಡೆ ಹುಡುಕಬೇಕು. ಈ ಒಂದು ಹೆಜ್ಜೆ ತಪ್ಪಿಸಿ ಕೆಟ್ಟ ವ್ಯವಹಾರಗಳು ಕಡಿಮೆಯಲ್ಲ.

ಎಷ್ಟು ವರ್ಷದ ಇ.ಸಿ.? ಸ್ವಾಧೀನ ಕೇಳುವ ದಾವೆಗೆ ಕಾಲಮಿತಿ 12 ವರ್ಷ, ಆದ್ದರಿಂದ 13 ವರ್ಷ ನೋಡಿದರೆ ಸಾಕು ಎನ್ನುವ ರೂಢಿ ಒಂದು. ಎಚ್ಚರದ ವಕೀಲರು 30 ವರ್ಷಕ್ಕಿಂತ ಕಡಿಮೆ ನೋಡುತ್ತಿರಲಿಲ್ಲ. ಅಡಮಾನ ಬಿಡಿಸಿಕೊಳ್ಳಲು 1963ರ ಕಾಲಮಿತಿ ಕಾಯ್ದೆ ಕೊಟ್ಟದ್ದು 30 ವರ್ಷ, ಅದಕ್ಕೂ ಹಿಂದಿನ 1908ರ ಕಾಯ್ದೆಯಲ್ಲಿ 60 ವರ್ಷ ಇತ್ತು. ಭೋಗ್ಯಕ್ಕೆ ಕೊಟ್ಟ ಗದ್ದೆಯನ್ನು 25 ವರ್ಷ ಉಳುತ್ತಿದ್ದವನು ಅದನ್ನು ತನ್ನದೆಂದು ಮಾರಿದ ಪಕ್ಷದಲ್ಲಿ, 13 ವರ್ಷದ ಇ.ಸಿ. ಶುದ್ಧವಾಗಿಯೇ ಬರುತ್ತದೆ.

ಇ.ಸಿ.ಯಲ್ಲಿ ಬಾರದವುಗಳ ಪಟ್ಟಿ ಉದ್ದವಿದೆ: ಬಾಯಿಮಾತಿನ ಪಾಲು, ನೋಂದಣಿಯಾಗದ ಕ್ರಯದ ಕರಾರು, ಉಯಿಲು, ಕೋರ್ಟಿನಲ್ಲಿ ನಡೆಯುತ್ತಿರುವ ಪಾಲಿನ ದಾವೆ. ದಾವೆ ನಡೆಯುವಾಗ ಕೊಂಡವನು ಆ ದಾವೆಯ ತೀರ್ಪಿಗೆ ಬದ್ಧ, ಅವನಿಗೆ ಗೊತ್ತಿತ್ತೋ ಇಲ್ಲವೋ ಲೆಕ್ಕಕ್ಕಿಲ್ಲ. ಇವೆಲ್ಲಕ್ಕಿಂತ ಕಣ್ಣಿಗೆ ಬೀಳದ್ದು ನಾಲ್ಕು ತಿಂಗಳ ಗುಂಡಿ. ಬರೆದ ಪತ್ರವನ್ನು ನೋಂದಣಿಗೆ ಹಾಜರುಪಡಿಸಲು ನೋಂದಣಿ ಕಾಯ್ದೆ ನಾಲ್ಕು ತಿಂಗಳು ಕೊಡುತ್ತದೆ. ನೋಂದಣಿಯಾದ ಮೇಲೆ 47ನೇ ಕಲಂ ಪ್ರಕಾರ ಆ ಪತ್ರ ಬರೆದ ದಿನದಿಂದಲೇ ಜಾರಿಗೆ ಬಂದಂತೆ. ಒಬ್ಬ ಫೆಬ್ರವರಿ 1ರಂದು ಕ್ರಯಪತ್ರ ಬರೆಸಿಕೊಂಡು ಮೇ 25ಕ್ಕೆ ಹಾಜರುಪಡಿಸಿದ ಎನ್ನಿ. ಇನ್ನೊಬ್ಬ ಏಪ್ರಿಲ್ 10ಕ್ಕೆ ಇ.ಸಿ. ತೆಗೆಸಿ, ಏನೂ ಇಲ್ಲವೆಂದು ಅದೇ ಜಮೀನನ್ನು ಅಂದೇ ಕೊಂಡು ಅಂದೇ ನೋಂದಾಯಿಸಿದ. ಗೆಲ್ಲುವುದು ಫೆಬ್ರವರಿಯವನು. ಇದಕ್ಕೆ ಪೂರ್ತಿ ಔಷಧ ಇರಲಿಲ್ಲ. ಅಸಲು ಮೂಲಪತ್ರ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಿಸದಿರುವುದು, ಸ್ಥಳದಲ್ಲಿ ಯಾರು ಉಳುತ್ತಿದ್ದಾರೆಂದು ಅಕ್ಕಪಕ್ಕದ ಜಮೀನಿನವರನ್ನು ಕೇಳಿಸುವುದು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸುವುದು, ಇಷ್ಟೇ ಕೈಲಿದ್ದ ಉಪಾಯ.

ಎಕರೆ, ಗುಂಟೆ ಮತ್ತು ಕರಾಬು

ಸರ್ವೆಯವರ ಸರಪಳಿ 33 ಅಡಿ ಉದ್ದ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಒಂದು ಗುಂಟೆ, ಅಂದರೆ 1089 ಚದರಡಿ. 40 ಗುಂಟೆಗೆ ಒಂದು ಎಕರೆ. ಪಹಣಿಯಲ್ಲಿ 2-20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಇದನ್ನು ಟೈಪು ಮಾಡುವವರು 2.20 ಎಕರೆ ಎಂದು ಚುಕ್ಕಿ ಇಟ್ಟರೆ ದಶಮಾಂಶದ ಲೆಕ್ಕದಲ್ಲಿ ಅದು ಎರಡು ಎಕರೆ ಎಂಟು ಗುಂಟೆ ಆಗುತ್ತದೆ. ಒಂದು ಚುಕ್ಕಿಗೆ ಹನ್ನೆರಡು ಗುಂಟೆ ಹೋಯಿತು. ಅದಕ್ಕೇ ಕ್ರಯಪತ್ರದಲ್ಲಿ ಅಂಕಿಯ ಪಕ್ಕ ಅಕ್ಷರದಲ್ಲೂ ವಿಸ್ತೀರ್ಣ ಬರೆಸುವ ಹಟ.

ಎರಡನೆಯ ಪೆಟ್ಟು ಕರಾಬಿನದು, ಅಂದರೆ ಸಾಗುವಳಿಗೆ ಬಾರದ ನೆಲದ್ದು. ಒಂದು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ 4-10 ಎನ್ನಿ, ಅದರಲ್ಲಿ 0-08 ಕರಾಬು. ಮಾಲೀಕ ಪೂರ್ವದ 2-20 ಒಬ್ಬನಿಗೆ, ಪಶ್ಚಿಮದ 1-30 ಇನ್ನೊಬ್ಬನಿಗೆ ಮಾರಿದ. ಕೂಡಿದರೆ ಸರಿಯಾಗಿ 4-10, ಕಾಗದದಲ್ಲಿ ಏನೂ ತಪ್ಪಿಲ್ಲ. ಆದರೆ ಆ ಎಂಟು ಗುಂಟೆ ‘ಬಿ’ ಕರಾಬು, ಅಂದರೆ ಹಳ್ಳವೋ ದಾರಿಯೋ ಆಗಿದ್ದರೆ ಅದು ಸಾರ್ವಜನಿಕ. ಮಾರಲು ಅವನ ಹತ್ತಿರ ಇದ್ದದ್ದು 4-02 ಮಾತ್ರ. ಎರಡನೆಯವನು ಅಳತೆ ಹಾಕಿಸುವ ದಿನ 8712 ಚದರಡಿ ಇಲ್ಲವೆಂದು ಗೊತ್ತಾಗುತ್ತದೆ. ‘ಎ’ ಕರಾಬಾದರೆ ಪರವಾಗಿಲ್ಲ, ಬಂಡೆಯೋ ಕಣವೋ ಆಗಿ ಸಾಗುವಳಿಗೆ ಬಾರದಿದ್ದರೂ ಹಿಡುವಳಿದಾರನದ್ದೇ. ಕರಾಬು ಎಷ್ಟು ಎಂಬುದಕ್ಕೆ ಆಕಾರಬಂದ್, ಆಕಾರ ಹೇಗಿದೆ ಎಂಬುದಕ್ಕೆ ಟಿಪ್ಪಣಿ, ಅಕ್ಕಪಕ್ಕ ಯಾವ ನಂಬರಿದೆ ಎಂಬುದಕ್ಕೆ ಗ್ರಾಮನಕಾಶೆ ತರಿಸುತ್ತಿದ್ದರು. ಪೋಡಿಯಾಗದೆ ‘ಪೈಕಿ’ ಎಂದು ಮಾತ್ರ ಬರೆದ ಮಂಜೂರಾತಿ ಜಮೀನಿನಲ್ಲಿ ಇದಾವುದೂ ಸಹಾಯಕ್ಕೆ ಬರುತ್ತಿರಲಿಲ್ಲ. ದೊಡ್ಡ ಗೋಮಾಳದ ಒಂದೇ ನಂಬರಿನಲ್ಲಿ ಹತ್ತಾರು ಜನರಿಗೆ ಸಾಗುವಳಿ ಚೀಟಿ ಕೊಟ್ಟು ಹದ್ದು ಗುರುತಿಸದೆ ಬಿಟ್ಟಿದ್ದರೆ, ಯಾರದು ಎಲ್ಲಿ ಎಂಬುದನ್ನು ಆ ಊರಿನ ಹಿರಿಯರೇ ಹೇಳಬೇಕು.

ಪಹಣಿಯನ್ನು ಓದುವುದಕ್ಕೂ ಒಂದು ಕ್ರಮವಿತ್ತು. 9ನೇ ಕಾಲಂನಲ್ಲಿ ಹಿಡುವಳಿದಾರ, 10ರಲ್ಲಿ ಅವನಿಗೆ ಹೇಗೆ ಬಂತು ಎಂಬುದು ಮ್ಯುಟೇಶನ್ (ಖಾತೆ ಬದಲಾವಣೆ) ನಂಬರಿನ ಸಮೇತ, 11ರಲ್ಲಿ ಸಾಲ ಮತ್ತು ಇತರರ ಹಕ್ಕು, 12ರಲ್ಲಿ ಆ ವರ್ಷ ಉಳುಮೆ ಮಾಡಿದವರು. ಹೊಸಬರು 9ನೇ ಕಾಲಂ ನೋಡಿ ಮುಗಿಸುತ್ತಿದ್ದರು. ಹಳಬರ ಕಣ್ಣು ಮೊದಲು 12ಕ್ಕೆ ಹೋಗುತ್ತಿತ್ತು. 1964ಕ್ಕೆ ಮುಂಚಿನದ್ದಕ್ಕೆ ಹಳೇ ಮೈಸೂರಿನ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ನಕಲು ತೆಗೆಸಬೇಕಾಗುತ್ತಿತ್ತು. 1963ರಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಗಿ ಲೆಕ್ಕದ ಪುಸ್ತಕಗಳು ಗ್ರಾಮಲೆಕ್ಕಿಗರ ಕೈಗೆ ಬಂದವು. ಎಲ್ಲ ಪುಸ್ತಕಗಳೂ ಬಂದವೆಂದು ಹೇಳುವಂತಿಲ್ಲ, ಹಾಗಾಗಿ ಹಳೆಯ ಕಂದಾಯ ರಶೀದಿಗೆ ಬೆಲೆ ಇತ್ತು.

ಮನೆಯವರೆಲ್ಲ ಸಹಿ ಹಾಕಿದ್ದಾರಾ?

ವಂಶವೃಕ್ಷ ಕೇಳದೆ ಅಭಿಪ್ರಾಯ ಬರೆದುಕೊಟ್ಟ ವಕೀಲರು ಹತ್ತು ವರ್ಷದ ಮೇಲೆ ಅದೇ ಜಮೀನಿನ ಪಾಲಿನ ದಾವೆಯಲ್ಲಿ ತಮ್ಮ ಅಭಿಪ್ರಾಯವನ್ನು ತಾವೇ ಓದಬೇಕಾಗುತ್ತಿತ್ತು. ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬುದು ಮೊದಲ ಕವಲು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮುಂಚೆ ತಂದೆಯಿಂದ ಬಂದದ್ದಾದರೆ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. ಕಾಯ್ದೆಯ ನಂತರ ತಂದೆಯ ಸ್ವಂತ ಆಸ್ತಿ ಮಗನಿಗೆ ಉತ್ತರಾಧಿಕಾರವಾಗಿ ಬಂದರೆ ಅದು ಮಗನ ಸ್ವಂತದ್ದೇ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದ್ದು 1986ರಲ್ಲಿ. ಅಲ್ಲಿಯವರೆಗೆ ಎಚ್ಚರದವರು ಮೊಮ್ಮಕ್ಕಳ ಸಹಿಯನ್ನೂ ಹಾಕಿಸುತ್ತಿದ್ದರು.

ಮನೆಯ ಯಜಮಾನನೊಬ್ಬನೇ ಕೂಡುಕುಟುಂಬದ ಜಮೀನು ಮಾರಬಹುದು, ಆದರೆ ಕುಟುಂಬದ ಅವಶ್ಯಕತೆಗೆ ಅಥವಾ ಆಸ್ತಿಯ ಒಳಿತಿಗೆ ಮಾತ್ರ. ಕೊಳ್ಳುವವನು ಆ ಅವಶ್ಯಕತೆ ಇದೆಯೇ ಎಂದು ಪ್ರಾಮಾಣಿಕವಾಗಿ ವಿಚಾರಿಸಿರಬೇಕು, ಹಣ ಕೊನೆಗೆ ಎಲ್ಲಿ ಹೋಯಿತು ಎಂದು ಕಾವಲು ಕಾಯಬೇಕಿಲ್ಲ ಎಂಬ ನಿಯಮ 1856ರ ಪ್ರಿವಿ ಕೌನ್ಸಿಲ್ ತೀರ್ಪಿನಷ್ಟು ಹಳೆಯದು. ಹೀಗಾಗಿ ಕ್ರಯಪತ್ರದಲ್ಲಿ ‘ಮಗಳ ಮದುವೆಗೋಸ್ಕರವೂ, ಇಂಥವರಿಗೆ ಸಲ್ಲಬೇಕಾದ ಸಾಲ ತೀರಿಸುವುದಕ್ಕೋಸ್ಕರವೂ’ ಎಂಬ ಸಾಲು ಬರುತ್ತಿತ್ತು. ಒಳ್ಳೆಯ ವಕೀಲರು ಸಾಲಿಗೆ ನಿಲ್ಲುತ್ತಿರಲಿಲ್ಲ. ಸಾಲ ಕೊಟ್ಟವನನ್ನು ರಿಜಿಸ್ಟ್ರಿಗೇ ಕರೆಸಿ ಹಣ ಅವನಿಗೇ ಕೊಡಿಸಿ, ಪ್ರೋನೋಟಿನ ಹಿಂದೆ ‘ಪೂರ್ತಿ ಸಂದಿದೆ’ ಎಂದು ಷರಾ ಬರೆಸಿ, ಆ ಪ್ರೋನೋಟನ್ನು ಕೊಂಡವನ ಕಾಗದದ ಜೊತೆ ಕಟ್ಟಿಡಿಸುತ್ತಿದ್ದರು. ಇಪ್ಪತ್ತು ವರ್ಷದ ಮೇಲೆ ಮಗ ದಾವೆ ಹಾಕಿದಾಗ ಉಳಿಸುತ್ತಿದ್ದದ್ದು ಆ ಚೀಟಿ.

ಅಪ್ರಾಪ್ತರ ಸ್ವಂತ ಪಾಲನ್ನು ಮಾರಲು 1956ರ ಪೋಷಕತ್ವ ಕಾಯ್ದೆಯ 8ನೇ ಕಲಂ ಕೋರ್ಟಿನ ಅನುಮತಿ ಕೇಳುತ್ತದೆ. ಅನುಮತಿ ಇಲ್ಲದೆ ತಾಯಿ ಮಾರಿದ್ದನ್ನು ಮಗ ಪ್ರಾಪ್ತನಾದ ಮೂರು ವರ್ಷದೊಳಗೆ ರದ್ದು ಮಾಡಿಸಬಹುದು. ಹೆಣ್ಣುಮಕ್ಕಳ ವಿಷಯದಲ್ಲಿ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಮಾಡಿತ್ತು. 1994ರ ಕರ್ನಾಟಕದ ತಿದ್ದುಪಡಿ ಅದಕ್ಕೂ ಮುಂದೆ ಹೋಗಿ ಅಲ್ಲಿಯವರೆಗೆ ಮದುವೆಯಾಗದ ಹೆಣ್ಣುಮಕ್ಕಳನ್ನು ಗಂಡುಮಕ್ಕಳಂತೆಯೇ ಪಾಲುದಾರರನ್ನಾಗಿ ಮಾಡಿತು. ಇಷ್ಟೆಲ್ಲ ಇದ್ದೂ ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಹೆಸರು ಬಿಡಿಸುವ ಚಾಳಿ ಹೋಗಲಿಲ್ಲ. ‘ಅಕ್ಕತಂಗಿಯರು ಎಷ್ಟು ಜನ, ಎಲ್ಲಿಗೆ ಕೊಟ್ಟಿದ್ದೀರಿ?’ ಎಂದು ಮಾತಿನ ನಡುವೆ ವಿಚಾರಿಸುವುದು ಅದನ್ನು ಹೊರತೆಗೆಯುವ ಹಳೆಯ ಉಪಾಯ.

ಮಾರಲಾಗದ ಜಮೀನುಗಳು

ಸ್ವಾತಂತ್ರ್ಯದ ನಂತರದ ಮೂರು ದಶಕಗಳಲ್ಲಿ ಈ ವಕೀಲರ ಕೆಲಸ ತಲೆಕೆಳಗಾದದ್ದು ಇಲ್ಲಿ. ಕಾಗದ, ಕುಟುಂಬ, ಅಳತೆ ಎಲ್ಲ ಸರಿ ಇದ್ದರೂ ಕಾನೂನೇ ಆ ಜಮೀನನ್ನು ಮಾರಲು ಬಿಡದಿರಬಹುದು. 1954 ಮತ್ತು 1955ರ ಇನಾಂ ರದ್ದತಿ ಕಾಯ್ದೆಗಳಿಂದ ಜೋಡಿ ಗ್ರಾಮಗಳ (ಕಡಿಮೆ ಕಂದಾಯದ ಇನಾಂ ಗ್ರಾಮಗಳ), ದೇವಾದಾಯದ ಜಮೀನು ಸರ್ಕಾರಕ್ಕೆ ಸೇರಿ, ಅರ್ಹರಿಗೆ ಮತ್ತೆ ನೋಂದಾಯಿಸಿಕೊಡುವ ಆದೇಶಗಳಾದವು. ಇನಾಂದಾರ ಬರೆದುಕೊಟ್ಟ ಹಳೆಯ ಕ್ರಯಪತ್ರ ಎಷ್ಟೇ ಚೆನ್ನಾಗಿದ್ದರೂ ಆ ಆದೇಶದ ಪ್ರತಿ ಇಲ್ಲದೆ ಅದು ಅರ್ಧ ಕಾಗದ. ತೋಟಿ, ತಳವಾರ, ನೀರುಗಂಟಿ ಮುಂತಾದ ಚಾಕರಿಯ ಜಮೀನಿಗೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಡಿ ಮರುಮಂಜೂರಾತಿ ನೋಡಬೇಕು.

ಎಲ್ಲಕ್ಕಿಂತ ದೊಡ್ಡದು ಭೂಸುಧಾರಣೆ. 1974ರ ಮಾರ್ಚ್ 1ರಂದು ಗೇಣಿದಾರರ ಸ್ವಾಧೀನದಲ್ಲಿದ್ದ ಜಮೀನೆಲ್ಲ ಸರ್ಕಾರದ ವಶವಾಯಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕು ಪಡೆಯಬೇಕಿತ್ತು, ಕೊನೆಯ ದಿನ ಮುಂದೆ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಪಹಣಿಯ 12ನೇ ಕಾಲಂಗೆ ಕಣ್ಣು ಮೊದಲು ಹೋಗುತ್ತಿದ್ದದ್ದು ಇದಕ್ಕೇ. 1973-74ರ ಹಿಂದುಮುಂದಿನ ವರ್ಷಗಳಲ್ಲಿ ಅಲ್ಲಿ ಮಾಲೀಕನಲ್ಲದ ಬೇರೆ ಹೆಸರು ಕಂಡರೆ, ಆಮೇಲೆ ಮಾಲೀಕ ಮಾರಿದ ಕ್ರಯವೇ ಬುಡವಿಲ್ಲದ್ದಾಗಬಹುದು. ಈ ನಂಬರಿಗೆ ನಮೂನೆ 7 ಸಲ್ಲಿಕೆಯಾಗಿಲ್ಲ ಎಂಬ ಹಿಂಬರಹ ತಾಲ್ಲೂಕು ಕಚೇರಿಯಿಂದ ತರಿಸುವ ಪದ್ಧತಿ ಇಲ್ಲಿಂದ ಬಂತು. ವಿಚಿತ್ರವೆಂದರೆ ಆ ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದು ಕಾಯ್ದೆಯೇ ಹೇಳಿತ್ತು. ಆ ಕಲಂ ಅನ್ನು ಸುಪ್ರೀಂ ಕೋರ್ಟ್ 1987ರಲ್ಲಿ ತೆಗೆದುಹಾಕಿತು. ಅಷ್ಟರಲ್ಲಿ ಬಹುಪಾಲು ಅರ್ಜಿಗಳ ವಿಚಾರಣೆ ವಕೀಲರಿಲ್ಲದೆಯೇ ಮುಗಿದಿತ್ತು.

1979ರ ಜನವರಿ 1ರಿಂದ ಜಾರಿಯಾದ ಪಿ.ಟಿ.ಸಿ.ಎಲ್. (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನದು. ಮಂಜೂರಾತಿಯ ಷರತ್ತು ಮೀರಿ ಹಿಂದೆಯೇ ಆದ ಮಾರಾಟವನ್ನೂ ಅದು ಅನೂರ್ಜಿತ ಮಾಡುತ್ತದೆ, ಮೂರನೆಯ ಕೈಗೆ ಹೋಗಿದ್ದರೂ ಬಿಡುವುದಿಲ್ಲ. 1984ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಹೀಗಾಗಿ ಮಂಜೂರಾತಿ ಜಮೀನು ಎಂದ ಕೂಡಲೇ ಸಾಗುವಳಿ ಚೀಟಿ ಮತ್ತು ದರಖಾಸ್ತು (ಮಂಜೂರಾತಿ ಅರ್ಜಿ) ಕಡತದ ನಕಲು ತೆಗೆಸಿ, ಪಡೆದವರು ಯಾರು, ಎಷ್ಟು ವರ್ಷ ಪರಭಾರೆ ಮಾಡಬಾರದೆಂದಿತ್ತು ಎಂಬುದನ್ನು ನೋಡಲೇಬೇಕಾಯಿತು.

ಪತ್ರ ಬರೆಯುವುದು, ರಿಜಿಸ್ಟ್ರಿ ಮಾಡಿಸುವುದು

‘ಬರೆಯಿಸಿಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ’ ಎಂದು ಶುರುವಾಗಿ, ನಿಧಿ ನಿಕ್ಷೇಪ ಜಲ ತರು ಪಾಷಾಣಾದಿ ಅಷ್ಟಭೋಗಗಳನ್ನು ಒಪ್ಪಿಸಿ, ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಳ್ಳತಕ್ಕದ್ದು ಎಂದು ಮುಗಿಯುವ ಮಾದರಿ ಎಲ್ಲರಿಗೂ ಬಾಯಿಪಾಠ. ಜಗಳ ಹುಟ್ಟುತ್ತಿದ್ದದ್ದು ಅದರಲ್ಲಲ್ಲ, ಷೆಡ್ಯೂಲಿನಲ್ಲಿ. ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ಹೊಂದಾಣಿಕೆ ಆಗದಿದ್ದರೆ ಸಾಮಾನ್ಯವಾಗಿ ಕೋರ್ಟು ಚಕ್ಕುಬಂದಿಗೆ ತೂಕ ಕೊಡುತ್ತದೆ. ‘ಪೂರ್ವಕ್ಕೆ ಇಂಥವರ ಜಮೀನು’ ಎಂದಷ್ಟೇ ಬರೆದರೆ ಆ ಇಂಥವರು ಮಾರಿ ಹೋದ ಮೇಲೆ ಗುರುತೇ ಇರುವುದಿಲ್ಲ. ಆದ್ದರಿಂದ ನೆರೆಯವನ ಹೆಸರಿನ ಜೊತೆ ಅವನ ಸರ್ವೆ ನಂಬರು, ದಾರಿ, ಹಳ್ಳ, ಕಲ್ಲು ಇದ್ದರೆ ಅದೂ ಬರಬೇಕು. ಅಕ್ಷರ ತಿದ್ದಿದ್ದು, ಸಾಲಿನ ನಡುವೆ ಸೇರಿಸಿದ್ದು ಇದ್ದರೆ ಪುಟವಾರು ಪಟ್ಟಿ ಮಾಡಿ ಕೊನೆಯಲ್ಲಿ ಷರಾ ಬರೆದು ಸಹಿ ಹಾಕಿಸಬೇಕು, ಇಲ್ಲದಿದ್ದರೆ ರಿಜಿಸ್ಟ್ರಾರ್ ಪತ್ರವನ್ನು ಒಪ್ಪದಿರಬಹುದು. ಸ್ಟಾಂಪು ಉಳಿಸಲು ಕ್ರಯದ ಮೊತ್ತ ಕಡಿಮೆ ಬರೆಸುವವರಿಗೆ ವಕೀಲರು ಹೇಳುತ್ತಿದ್ದದ್ದು ನೇರ: ನಾಳೆ ಹಕ್ಕು ಕೆಟ್ಟು ಹಣ ವಾಪಸು ಕೇಳಬೇಕಾದರೆ ಕೈಗೆ ಬರುವುದು ಬರೆದ ಮೊತ್ತವೇ.

ಕಚೇರಿಯಲ್ಲಿ ಹೆಬ್ಬೆಟ್ಟು ಪುಸ್ತಕ, ಗುರುತಿಸುವ ಸಾಕ್ಷಿ, ‘ಬರೆದುಕೊಟ್ಟದ್ದು ಹೌದು’ ಎಂಬ ಒಪ್ಪಿಗೆ ಎಲ್ಲ ಅರ್ಧ ಗಂಟೆಯ ಕೆಲಸ. ಹಾಸಿಗೆ ಹಿಡಿದ ಮುದುಕರಿದ್ದರೆ ನೋಂದಣಿ ಕಾಯ್ದೆಯ 31ನೇ ಕಲಂ ಪ್ರಕಾರ ಶುಲ್ಕ ಕಟ್ಟಿ ಅಧಿಕಾರಿಯನ್ನೇ ಮನೆಗೆ ಕರೆಸಬಹುದಿತ್ತು. ಪತ್ರ ಮಾತ್ರ ಕೂಡಲೇ ಸಿಗುತ್ತಿರಲಿಲ್ಲ. ಅದನ್ನು ಅಕ್ಷರಕ್ಕಕ್ಷರ 1ನೇ ಪುಸ್ತಕಕ್ಕೆ ಕೈಯಲ್ಲಿ ನಕಲು ಮಾಡಿ, ಇಬ್ಬರು ಕೂತು ಓದಿ ತಾಳೆ ನೋಡಿ, ಆಮೇಲೆ ಅಸಲು ಹೊರಬರುತ್ತಿತ್ತು. ಅಸಲಿನಲ್ಲಿ 27 ಇದ್ದದ್ದು ನಕಲಿನಲ್ಲಿ 22 ಆದರೆ ಮುಂದಿನ ಇ.ಸಿ.ಗಳಲ್ಲೆಲ್ಲ ಆ ಜಮೀನು ಬೇರೆ ನಂಬರಿನಲ್ಲಿ ಅಲೆಯುತ್ತದೆ. ಅಸಲಿನಲ್ಲೇ ತಪ್ಪಿದ್ದರೆ ತಿದ್ದುಪಡಿ ಪತ್ರ ಬೇಕು, ಅದಕ್ಕೆ ಮಾರಿದವನೇ ಮತ್ತೆ ಬಂದು ಸಹಿ ಹಾಕಬೇಕು. ಅಷ್ಟರಲ್ಲಿ ಜಮೀನಿನ ಬೆಲೆ ಏರಿರುತ್ತದೆ, ಅವನ ಸಹಿಯ ಬೆಲೆಯೂ ಏರಿರುತ್ತದೆ.

ರಿಜಿಸ್ಟ್ರಿಯಾದ ಮೇಲೆ ಜೆ ಸ್ಲಿಪ್ (ಸಬ್ ರಿಜಿಸ್ಟ್ರಾರ್ ಕಳಿಸುವ ವರ್ಗಾವಣೆಯ ಮಾಹಿತಿ ಚೀಟಿ) ತಾಲ್ಲೂಕು ಕಚೇರಿಗೆ ಹೋಗಿ, ಮ್ಯುಟೇಶನ್ ರಿಜಿಸ್ಟರಿನಲ್ಲಿ ನಮೂದಾಗಿ, ತಕರಾರಿಗೆ 30 ದಿನ ಬಿಟ್ಟು, ಪಹಣಿಯಲ್ಲಿ ಹೆಸರು ಬದಲಾಗಬೇಕಿತ್ತು. ಸ್ಲಿಪ್ಪು ದಾರಿಯಲ್ಲೇ ನಿಂತು, ಕೊಂಡವನು ಕಾಗದ ಪೆಟ್ಟಿಗೆಯಲ್ಲಿಟ್ಟು ಮರೆತು, ಮಾರಿದವನ ಹೆಸರಲ್ಲೇ ಪಹಣಿ ಹದಿನೈದು ವರ್ಷ ಮುಂದುವರಿದು, ಅವನ ಮಕ್ಕಳು ಅದೇ ಪಹಣಿ ತೋರಿಸಿ ಮತ್ತೊಬ್ಬನಿಗೆ ಮಾರುವುದು ಮುನ್ಸೀಫ್ ಕೋರ್ಟಿನ ಇಂಜಂಕ್ಷನ್ ದಾವೆಗಳ ಸಾಮಾನ್ಯ ಕಥೆ. ಹಾಗಾಗಿ ಖಾತೆ ಆಗುವವರೆಗೆ ಫೈಲು ಮುಚ್ಚದಿರುವುದು, ವಾರಕ್ಕೊಮ್ಮೆ ಗುಮಾಸ್ತನನ್ನು ತಾಲ್ಲೂಕು ಕಚೇರಿಗೆ ಓಡಿಸುವುದು ಕಸುಬು ಬಲ್ಲವರ ಲಕ್ಷಣವಾಗಿತ್ತು.

2000ದ ನಂತರ ‘ಭೂಮಿ’ ಬಂದು ಕೈಬರಹದ ಪಹಣಿ ಹೋಯಿತು, ‘ಕಾವೇರಿ’ ಬಂದು ನೋಂದಣಿ ಗಣಕಕ್ಕೆ ಏರಿತು. ಆನ್‌ಲೈನಿನಲ್ಲಿ ಇ.ಸಿ. ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನದ್ದಕ್ಕೆ. ಅದಕ್ಕೆ ಹಿಂದಿನದ್ದು ಬೇಕಾದರೆ ಈಗಲೂ ಅದೇ ಸೂಚಿಗಳನ್ನು ಹುಡುಕಿಸಬೇಕು, ಅರ್ಜಿಯಲ್ಲಿ ಮೂಲ ನಂಬರು, ಹಿಸ್ಸಾ, ಹಳೇ ನಂಬರು ಮೂರನ್ನೂ ಬರೆಯಬೇಕು.